ಕೈ ಎರಡೇ, ಹತ್ಯಾರ ಮೂರು

ದೇವರು ಮನುಷ್ಯನಿಗೆ ಕೊಟ್ಟ ಕೈ ಎರಡೇ. ರಾವಣನಿಗೆ ಇಪ್ಪತ್ತು, ಕಾರ್ತವೀರ್ಯಾರ್ಜುನನಿಗೆ ಸಾವಿರ ಕೊಟ್ಟಿದ್ದನಂತೆ. ಅದು ಅವರವರ ಹಣೆಬರಹ. ನಮ್ಮಂಥ ತೊಗರಿ ಬಿತ್ತುವ ಜನಕ್ಕೆ ಎಡಕ್ಕೊಂದು, ಬಲಕ್ಕೊಂದು. ಅಷ್ಟರಲ್ಲೇ ಚಹಾದ ಕಪ್ಪನ್ನೂ ಹಿಡಿಯಬೇಕು, ಮೊಬೈಲನ್ನೂ ಹಿಡಿಯಬೇಕು, ಲುಂಗಿಯನ್ನೂ ಹಿಡಿಯಬೇಕು. ಮೂರನ್ನೂ ಒಟ್ಟಿಗೆ ಹಿಡಿಯಲು ಹೋದವರ ಗತಿ ಏನಾಯಿತೆಂದು ಕುರಕುಂಟಾ ಸ್ಟೇಷನ್ನಿನಲ್ಲಿ ಕಣ್ಣಾರೆ ಕಂಡಿದ್ದೇನೆ. ನಾಲ್ಕು ಜನರ ಎದುರು ಹೇಳುವಂಥದ್ದಲ್ಲ, ಬಿಡಿ.

ಈ ಎರಡು ಕೈಯ ಲೆಕ್ಕ ಅಮೆರಿಕದಲ್ಲಿ ಕೂತು ಯುದ್ಧದ ಆಟ ಬರೆದ ಮಹಾನುಭಾವರಿಗೆ ಮಾತ್ರ ಅಷ್ಟಾಗಿ ಹತ್ತಿದಂತಿಲ್ಲ. ಇದು ನನಗೆ ಗೊತ್ತಾದದ್ದು ನಮ್ಮ ಅಣ್ಣನ ಮಗನ ದಯೆಯಿಂದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಈ ಚಿರಂಜೀವಿ ಎಳ್ಳ ಅಮಾಸಿಗೆ ಊರಿಗೆ ಬಂದಿದ್ದ. ಮನೆಮಂದಿಯೆಲ್ಲ ಹೊಲಕ್ಕೆ ಚರಗ ಚೆಲ್ಲಲು ಹೋಗುವ ತಯಾರಿಯಲ್ಲಿದ್ದರೆ, ಇವನು ಪಡಸಾಲೆಯ ಶಹಾಬಾದಿ ಫರಸಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, "ನಾ ಎಡಗೈಗೆ ಢಾಲ್ ಕಟ್ಟಿಕೊಂಡೀನಿ, ಈಗ ಬಾಣ ಬಿಡ್ಲತ್ತೀನಿ" ಎಂದು ಯಾರಿಗೋ ಕೂಗಿ ಹೇಳುತ್ತಿದ್ದ. ಭಜ್ಜಿಗೆ ಸೊಪ್ಪು ಸೋಸುತ್ತಿದ್ದ ನಮ್ಮ ವೈನಿ ಗಾಬರಿಯಿಂದ ಹೊರಗೆ ಬಂದು ಮಗನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ.

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಸೇರಿ 1974ರಲ್ಲಿ ಹೊರತಂದದ್ದು. ಒಬ್ಬ ಕತೆ ಹೇಳುತ್ತಾನೆ, ಉಳಿದವರು ತಲೆಗೊಂದು ವೇಷ ಹಾಕಿ ಆ ಕತೆಯೊಳಗೆ ಹೊಗುತ್ತಾರೆ. ನಮ್ಮ ದೊಡ್ಡಾಟವೇ, ಮದ್ದಳೆ ಇಲ್ಲ ಅಷ್ಟೇ. ಹೊಡೆದ ಏಟು ಬಿತ್ತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ನಮ್ಮವರು ಮೊದಲು ದಾಳ ಉರುಳಿಸಿ ಆಮೇಲೆ ಹದಿನೆಂಟು ದಿನ ಯುದ್ಧ ಮಾಡಿದರು. ಇವರು ದಾಳವನ್ನೂ ಯುದ್ಧವನ್ನೂ ಒಂದೇ ಕಡೆ ಮುಗಿಸುತ್ತಾರೆ. ಖರ್ಚು ಕಡಿಮೆ, ಹೆಣವೂ ಕಡಿಮೆ. ಧರ್ಮರಾಯನಿಗೆ ಈ ಪುಸ್ತಕ ಸಿಕ್ಕಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು.

ನಮ್ಮ ಹುಡುಗ ಆ ಆಟದಲ್ಲಿ ಕಾಡಿನ ಬಿಲ್ಲುಗಾರ. ಕಿವಿ ಚೂಪು, ಕೂದಲು ಉದ್ದ, ವಯಸ್ಸು ಇನ್ನೂರರ ಮೇಲೆ. ಇದೆಲ್ಲ ನನಗೆ ಒಪ್ಪಿಗೆ. ಒಪ್ಪಿಗೆಯಾಗದ್ದು ಅವನ ಎಡ ಮುಂಗೈಗೆ ಪಟ್ಟಿಯಿಂದ ಬಿಗಿದ ಒಂದು ಪುಟ್ಟ ಢಾಲು. ಬಿಲ್ಲನ್ನೂ ಅದೇ ಕೈಯಲ್ಲಿ ಹಿಡಿದಿದ್ದಾನೆ.

"ಅಲ್ಲೋ ತಮ್ಮಾ, ಎಡಗೈಯಾಗ ಬಿಲ್ಲ, ಬಲಗೈಯಾಗ ಹೆದಿ ಮತ್ತ ಬಾಣ. ಢಾಲ್ ಹಿಡಿಲಾಕ ಬಾಡಿಗಿ ಕೈ ತಂದೀ ಏನು?"

"ಕಾಕಾ, ರೂಲ್ ಬುಕ್ಕಿನಾಗ ಅದಾ."

ಇದ್ದದ್ದು ಖರೇ. ಆ ಆಟದ ಮೂರನೆಯ ಆವೃತ್ತಿ 2000ದಲ್ಲಿ ಬಂತು, 2003ರಲ್ಲಿ ಅದನ್ನೇ ತಿದ್ದಿ ಮತ್ತೆ ಅಚ್ಚು ಹಾಕಿದರು. ಅದರಲ್ಲಿ ಬಕ್ಲರ್ ಎಂಬ ಪುಟ್ಟ ಢಾಲಿಗೆ 15 ಚಿನ್ನದ ನಾಣ್ಯ ಬೆಲೆ, 5 ಪೌಂಡ್ ತೂಕ. ಇದನ್ನು ಮುಂಗೈಗೆ ಕಟ್ಟಿಕೊಂಡೇ ಬಿಲ್ಲು ಹೊಡೆಯಬಹುದು, ಗುರಿಗೆ ಯಾವ ಕಡಿತವೂ ಇಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಬಾಣ ಬಿಡುವಾಗಲೂ ಅದು ಮೈ ಕಾಯುತ್ತದೆಯೇ ಎಂಬ ಬಗ್ಗೆ ಆಡುವವರಲ್ಲೇ ಜಗಳ. 2014ರ ಐದನೆಯ ಆವೃತ್ತಿ ಬರೆದವರು ಸ್ವಲ್ಪ ಮೈಮೇಲೆ ಎಚ್ಚರ ಇದ್ದವರು: ಢಾಲಿಗೆ ಒಂದು ಕೈ, ಬಿಲ್ಲಿಗೆ ಎರಡು ಕೈ, ಕೂಡಿಸಿ ನೋಡಿಕೊಳ್ಳಿ ಎಂದು ಕೈತೊಳೆದುಕೊಂಡರು. ನಮ್ಮ ಹುಡುಗನ ಬಳಗ ಆಡುವುದು ಹಳೆಯದನ್ನೇ. ಯಾಕೆ ಎಂದರೆ "ಅದ್ರಾಗ ಮಜಾ ಅದಾ" ಎಂದ. ಮಜಾ ಎಂದರೆ ಏನೆಂದು ಗೊತ್ತಾಯಿತಲ್ಲ, ಮೂರನೆಯ ಕೈ.

ಬಾಯಿಮಾತಿಗೆ ಬಗ್ಗುವ ಕುಳ ಅಲ್ಲ ಅದು. ಅಂಗಳಕ್ಕೆ ಇಳಿಸಿದೆ. ಬಿದಿರು ಸೀಳಿ ಬಿಲ್ಲಾಯಿತು, ನೈಲಾನ್ ಹಗ್ಗ ಹೆದೆಯಾಯಿತು, ಆಗಷ್ಟೇ ರಾಶಿ ಮುಗಿದಿದ್ದ ತೊಗರಿಯ ಕಟ್ಟಿಗೆ ಬಾಣವಾಯಿತು. ಖಾಲಿ ಸಿಮೆಂಟ್ ಚೀಲಕ್ಕೆ ಹೊಟ್ಟು ತುಂಬಿ ಗ್ವಾದಲಿಯ ಪಕ್ಕ ನಿಲ್ಲಿಸಿದೆವು, ಅದು ರಾಕ್ಷಸ. ಢಾಲಿಗೆ ವೈನಿಯ ಸ್ಟೀಲಿನ ಗಂಗಾಳ. ಅದನ್ನು ಹುಡುಗನ ಮುಂಗೈಯ ಹೊರಮಗ್ಗುಲಿಗೆ ಇಟ್ಟು ನನ್ನ ದಸ್ತಿಯಿಂದ ಬಿಗಿದೆ. ಗಂಟು ಬಿದ್ದದ್ದು ಒಳಮಗ್ಗುಲಿಗೆ. ಬೇರೆ ಕಡೆ ಬೀಳುವುದಾದರೂ ಹೇಗೆ?

ಅವನು ಜಗ್ಗಿದ. ಬಿದಿರು ಕಿರ್ರ್ ಎಂದಿತು. ಬಿಟ್ಟ. ಹೆದೆ ಎನ್ನುವುದು ಬಿಲ್ಲುಗಾರನ ಮುಂಗೈಯ ಒಳಮಗ್ಗುಲನ್ನು ಸವರಿಕೊಂಡೇ ಓಡುವ ವಸ್ತು. ಮಹಾಭಾರತದ ಬಿಲ್ಲುಗಾರರು ಅಲ್ಲಿಗೆ ಉಡದ ಚರ್ಮದ ಪಟ್ಟಿ ಬಿಗಿದು, ಬೆರಳಿಗೂ ಕವಚ ತೊಟ್ಟು ಬರುತ್ತಿದ್ದದ್ದು ಶೋಕಿಗಲ್ಲ. ನಮ್ಮವನ ಮುಂಗೈಯಲ್ಲಿ ಉಡದ ಬದಲು ದಸ್ತಿಯ ಗಂಟಿತ್ತು. ಹೆದೆ ನೇರವಾಗಿ ಬಂದು ಆ ಗಂಟಿಗೆ ಬಡಿಯಿತು, ಗಂಟು ಸುತ್ತಿತು, ಗಂಟಿನ ಜೊತೆ ಗಂಗಾಳವೂ ಸುತ್ತಿ ಒಳಗೆ ಬಂತು, ಠಣ್ ಎಂದಿತು. ಬಾಣ ಅವನ ಹೆಬ್ಬೆಟ್ಟಿನಿಂದ ಗೇಣು ದೂರದಲ್ಲಿ ಬಿದ್ದು ಕೋಳಿಯೊಂದನ್ನು ಹೆದರಿಸಿತು. ರಾಕ್ಷಸ ಕ್ಷೇಮ. "ನನ್ನ ಗಂಗಾಳ ನೆಗ್ಗಿದ್ರ ನಿಮ್ಮಿಬ್ಬರಿಗೂ ಇವತ್ತು ಎಲಿ ಮ್ಯಾಲೇ ಊಟ" ಎಂದು ಒಳಗಿನಿಂದ ವೈನಿಯ ಬಾಣ ಬಂತು. ಅದು ಮಾತ್ರ ಗುರಿ ತಪ್ಪಲಿಲ್ಲ.

ಗಂಟು ಬಿಗಿಯಾಗಿದ್ದರೆ ಹೀಗಾಗುತ್ತಿರಲಿಲ್ಲ, ಚರ್ಮದ ಪಟ್ಟಿ ಇದ್ದಿದ್ದರೆ ನಡೆಯುತ್ತಿತ್ತು ಎಂಬುದು ಹುಡುಗನ ವಾದ. ಇರಲಿ, ನಡೆಯಿತೆಂದೇ ಇಟ್ಟುಕೊಳ್ಳೋಣ. ಅಷ್ಟರಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಮಾಸ್ತರರು ಗದ್ದಲ ಕೇಳಿ ಬಂದರು. ಲೆಕ್ಕದ ಮಾಸ್ತರು. ಅವರನ್ನು ರಾಕ್ಷಸನ ಪಕ್ಕ ನಿಲ್ಲಿಸಿ, ಇವನಿಗೆ ಬಾಣವಿಲ್ಲದೆ ಬಿಲ್ಲು ಎತ್ತಿ ಜಗ್ಗಿ ನಿಲ್ಲು ಎಂದೆ.

"ಮಾಸ್ತರ್, ನೀವೀಗ ವೈರಿ. ನಿಮ್ಮ ಕಣ್ಣಿಗೆ ಢಾಲ್ ಎಷ್ಟು ಕಾಣ್ಲತ್ತದ?"

ಮಾಸ್ತರರು ಕನ್ನಡಕ ಸರಿ ಮಾಡಿಕೊಂಡು, ಎಡಕ್ಕೆ ಬಾಗಿ, ಬಲಕ್ಕೆ ಬಾಗಿ ನೋಡಿದರು. "ಗಂಗಾಳದ ಅಂಚ್ ಕಾಣ್ತದ್ರಿ. ಒಂದ್ ಗೆರಿ. ಬಾಕಿ ಎಲ್ಲಾ ಹುಡುಗನೇ ಕಾಣ್ತಾನ."

ಇಡೀ ವಿಷಯದ ಮರ್ಮ ಇಲ್ಲಿದೆ, ಆಟ ಬರೆದವರಿಗೆ ಇದನ್ನು ಕಾಗದ ಬರೆದು ತಿಳಿಸಬೇಕೆಂದಿದ್ದೇನೆ. ಬಾಣ ಬಿಡುವವನ ಎಡಗೈ ವೈರಿಯ ಕಡೆಗೆ ನೆಟ್ಟಗೆ ಚಾಚಿರುತ್ತದೆ. ಮುಂಗೈಗೆ ಅಂಟಿಸಿ ಕಟ್ಟಿದ ತಟ್ಟೆ ಮುಂಗೈಯ ಜೊತೆಗೇ ವೈರಿಯತ್ತ ಚಾಚಿಕೊಂಡು ಮಗ್ಗುಲಾಗುತ್ತದೆ. ಅದರ ಮುಖ ವೈರಿಗಲ್ಲ, ಬದಿಯ ಹೊಲದವನಿಗೆ. ಎಡಗಡೆಯಿಂದ ಹೋರಿ ಹಾಯಲು ಬಂದರೆ ಸ್ವಲ್ಪ ಉಪಯೋಗವಾದೀತು. ಎದುರಿನಿಂದ ಬರುವ ಬಾಣಕ್ಕೆ ಆ ಗೆರೆಯಷ್ಟು ಅಂಚೇ ಅಡ್ಡ, ಅದೂ ಬಾಣಕ್ಕೆ ದಾರಿ ತಪ್ಪಿದರೆ. ಢಾಲು ಎದುರಿಗೆ ಮುಖ ಮಾಡಬೇಕಾದರೆ ಮೊಣಕೈ ಮಡಚಿ ಎದೆಯ ಮುಂದೆ ತರಬೇಕು. ತಂದರೆ ಬಿಲ್ಲು ಬಾಗುವುದಿಲ್ಲ. ಬಿಲ್ಲು ಬಾಗಬೇಕಾದರೆ ಕೈ ಚಾಚಬೇಕು. ಚಾಚಿದರೆ ಢಾಲು ಮುಖ ತಿರುಗಿಸುತ್ತದೆ. ಅತ್ತೆ ಸೊಸೆ ಒಂದೇ ಕೋಣೆಯಲ್ಲಿದ್ದ ಹಾಗೆ.

"ಬಿಲ್ಲಿಗೇ ಕಟ್ಟಿದ್ರ?" ಎಂದ ಹುಡುಗ. ಸೋಲೊಪ್ಪುವ ವಂಶ ಅಲ್ಲ ನಮ್ಮದು.

ಕಟ್ಟು. ಬಾಣ ಹಾದುಹೋಗಲು ನಡುವೆ ಒಂದು ತೂತು ಕೊರೆ. ಗುರಿ ಕಾಣಲು ಇನ್ನೊಂದು ತೂತು ಕೊರೆ. ಆಮೇಲೆ ಅದರಲ್ಲಿ ಕಡಬು ಸೋಸಲು ಬರುತ್ತದೆಯೇ ಎಂದು ಅವ್ವನನ್ನು ಕೇಳು.

ಭಾರದ ಮಾತು ಬೇರೆ ಇದೆ. 1545ರಲ್ಲಿ ಇಂಗ್ಲೆಂಡಿನ ದಂಡೆಯ ಹತ್ತಿರ ಮುಳುಗಿದ 'ಮೇರಿ ರೋಸ್' ಎಂಬ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಅದರೊಳಗಿದ್ದ ಉದ್ದಬಿಲ್ಲುಗಳಲ್ಲಿ ಬಹುಪಾಲನ್ನು ಪೂರ್ತಿ ಜಗ್ಗಲು 100 ಪೌಂಡಿಗಿಂತ ಹೆಚ್ಚಿನ ಬಲ ಬೇಕಿತ್ತೆಂದು ಬಲ್ಲವರ ಅಂದಾಜು. ಕಿಲೋದಲ್ಲಿ ಹೇಳುವುದಾದರೆ ನಲವತ್ತೈದರ ಮೇಲೆ. ನಮ್ಮ ಕುರಕುಂಟಾ, ಮಳಖೇಡ, ವಾಡಿಯ ಕಡೆ ಇದಕ್ಕೆ ತಕ್ಕಡಿ ಬೇಡ, ಸಿಮೆಂಟ್ ಚೀಲದ ಮೇಲೆ 50 ಕಿಲೋ ಎಂದು ಅಚ್ಚು ಹಾಕಿಯೇ ಕಳಿಸುತ್ತಾರೆ. ಹೆಚ್ಚುಕಡಿಮೆ ಅಷ್ಟನ್ನು ಬಲಗೈಯ ಬೆರಳಲ್ಲಿ ಜಗ್ಗುವಾಗ ಎಡಗೈ ಕಲ್ಲಿನಂತೆ ನಿಲ್ಲಬೇಕು. ಆ ಕೈಗೇ ಎರಡು ಕಿಲೋದ ಮೇಲಿನ ತಟ್ಟೆ ಜೋತುಬಿಟ್ಟು "ಗುರಿಗೆ ಕಡಿತವಿಲ್ಲ" ಎಂದು ಬರೆದವನು ಹಮಾಲಿ ಕೆಲಸ ಮಾಡಿದವನಲ್ಲ.

ಇದನ್ನು ಹೇಳಲು ಅಮೆರಿಕದ ಪುಸ್ತಕ ತಿರುವಬೇಕಾಗಿಲ್ಲ. ನಮ್ಮ ವ್ಯಾಸರಿಗೆ ಈ ಕಾಯಿದೆ ಚೆನ್ನಾಗಿ ಗೊತ್ತಿತ್ತು. ಅಭಿಮನ್ಯುವನ್ನೇ ನೋಡಿ. ಚಕ್ರವ್ಯೂಹದೊಳಗೆ ಅವನ ಕೈಯಲ್ಲಿ ಬಿಲ್ಲು ಇರುವ ತನಕ ಢಾಲಿನ ಸುದ್ದಿಯೇ ಇಲ್ಲ. ಕರ್ಣ ಬಿಲ್ಲು ಕತ್ತರಿಸಿದ ಮೇಲೆ, ರಥವೂ ಹೋದ ಮೇಲೆ, ಆಗ ಹುಡುಗ ಕತ್ತಿ ಢಾಲು ಹಿಡಿದು ಹಾರುತ್ತಾನೆ. ಅವೂ ಮುರಿದ ಮೇಲೆ ರಥದ ಗಾಲಿ, ಆಮೇಲೆ ಗದೆ. ಒಂದು ಹೋದ ಮೇಲೆ ಇನ್ನೊಂದು, ಕೈ ಖಾಲಿಯಾದ ಮೇಲೆ ಕೈ ತುಂಬ. ಬಿಲ್ಲು ಢಾಲು ಎರಡನ್ನೂ ಒಟ್ಟಿಗೆ ಕೊಟ್ಟುಬಿಟ್ಟಿದ್ದರೆ ಹುಡುಗ ಉಳಿಯುತ್ತಿದ್ದನೇನೋ ಎಂಬ ಆಸೆ ಕೇಳುವವರಿಗೆಲ್ಲ ಇತ್ತು. ವ್ಯಾಸರು ಆ ರಿಯಾಯಿತಿ ಕೊಡಲಿಲ್ಲ.

ಹಾಗಾದರೆ ಬಿಲ್ಲುಗಾರರನ್ನು ಕಾಯುವವರು ಯಾರು? ಇನ್ನೊಬ್ಬರು. ಯಾವಾಗಲೂ ಇನ್ನೊಬ್ಬರು. ಅರ್ಜುನನ ಢಾಲು ಅವನ ಕೈಯಲ್ಲಿರಲಿಲ್ಲ, ಮುಂದೆ ಕೂತು ಕುದುರೆ ಹೊಡೆಯುತ್ತಿತ್ತು. ಭಗದತ್ತ ವೈಷ್ಣವಾಸ್ತ್ರ ಬಿಟ್ಟಾಗ ಕೃಷ್ಣ ಎದ್ದು ತಾನೇ ಎದೆಯೊಡ್ಡಿದ, ಅದು ಅವನ ಕೊರಳಿಗೆ ಮಾಲೆಯಾಯಿತು. ಕರ್ಣ ಸರ್ಪಬಾಣ ಬಿಟ್ಟಾಗ ಕೃಷ್ಣ ರಥವನ್ನೇ ನೆಲಕ್ಕೆ ಅದುಮಿದ, ಬಾಣಕ್ಕೆ ಕಿರೀಟ ಸಿಕ್ಕಿತು, ತಲೆ ಉಳಿಯಿತು. ಹತ್ತನೆಯ ದಿನ ಭೀಷ್ಮರ ಎದುರು ಅರ್ಜುನ ಶಿಖಂಡಿಯನ್ನು ಮುಂದೆ ನಿಲ್ಲಿಸಿಕೊಂಡು ಹಿಂದಿನಿಂದ ಬಾಣ ಬಿಟ್ಟ. ಇದಕ್ಕಿಂತ ಗಟ್ಟಿಯಾದ ಢಾಲು ಯಾವ ಕಮ್ಮಾರನೂ ಬಡಿದಿಲ್ಲ. ವೈರಿಯೇ ಅದಕ್ಕೆ ಹೊಡೆಯಲು ಒಲ್ಲೆನೆಂದು ಕೈ ಕಟ್ಟಿ ನಿಂತ. ಅರ್ಜುನನ ಕತೆಯನ್ನು 941ರಲ್ಲಿ ಕನ್ನಡಕ್ಕೆ ತಂದ ಪಂಪನ ಆಶ್ರಯದಾತ ಅರಿಕೇಸರಿ, ನಮ್ಮ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟರ ಸಾಮಂತ. ಅಂದಮೇಲೆ ಅರ್ಜುನ ನಮ್ಮ ಕಡೆಯವನೇ, ಅವನ ಪರವಾಗಿ ನಾನು ಇಷ್ಟು ಮಾತಾಡಿದರೆ ತಪ್ಪಿಲ್ಲ.

ಸಿನಿಮಾದವರೂ ಈ ವಿಷಯದಲ್ಲಿ ಸಾಚಾ. 1977ರ 'ಬಭ್ರುವಾಹನ'ದಲ್ಲಿ ರಾಜಕುಮಾರ್ ಅವರು ಅಪ್ಪನೂ ತಾವೇ ಮಗನೂ ತಾವೇ ಆಗಿ ಎದುರುಬದುರು ನಿಂತರೂ ಬಿಲ್ಲು ಹಿಡಿದಾಗ ಯಾವ ಕೈಗೂ ತಟ್ಟೆ ಕಟ್ಟಿಕೊಳ್ಳಲಿಲ್ಲ. ಹಾಲಿವುಡ್ಡಿನ 'ಲಾರ್ಡ್ ಆಫ್ ದಿ ರಿಂಗ್ಸ್'ನ ಎರಡನೆಯ ಭಾಗದಲ್ಲಿ, ಅದು 2002ರದು, ಚೂಪು ಕಿವಿಯ ಲೆಗೊಲಾಸ್ ಢಾಲನ್ನೂ ಬಿಲ್ಲನ್ನೂ ಒಂದೇ ಹೊತ್ತಿಗೆ ಬಳಸುತ್ತಾನೆ ಎಂದು ಹುಡುಗ ಮೊಬೈಲಿನಲ್ಲಿ ತೆಗೆದು ತೋರಿಸಿದ. ಹೌದು, ಬಳಸುತ್ತಾನೆ. ಢಾಲಿನ ಮೇಲೆ ನಿಂತು ಕೋಟೆಯ ಮೆಟ್ಟಿಲಿನಿಂದ ಜಾರುತ್ತ ಬಾಣ ಬಿಡುತ್ತಾನೆ. ಕೈಗೆ ಕಟ್ಟಲು ಆಗುವುದಿಲ್ಲವೆಂದು ಗೊತ್ತಾಗಿಯೇ ಕಾಲ ಕೆಳಗೆ ಹಾಕಿಕೊಂಡಿದ್ದಾನೆ ಪುಣ್ಯಾತ್ಮ.

ಹೊರದೇಶದ ಸಮಾಚಾರವೂ ಇದೇ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅಸ್ಸೀರಿಯದ ಕಲ್ಲಿನ ಕೆತ್ತನೆಗಳಲ್ಲಿ, ಕ್ರಿಸ್ತಪೂರ್ವ 701ರ ಲಾಕೀಶ್ ಮುತ್ತಿಗೆಯದ್ದು ಅವುಗಳಲ್ಲೊಂದು, ಬಿಲ್ಲುಗಾರ ಬಾಣ ಬಿಡುತ್ತಾನೆ, ಅವನ ಮುಂದೆ ಆಳೆತ್ತರದ ಹೆಣಿಗೆಯ ತಟ್ಟಿ ನಿಂತಿರುತ್ತದೆ. ಗ್ರೀಕರ ಇಲಿಯಡ್‌ನಲ್ಲಿ ಟ್ಯೂಸರ್ ಎಂಬ ಬಿಲ್ಲುಗಾರ ತನ್ನಣ್ಣ ಏಜಾಕ್ಸನ ದೊಡ್ಡ ಢಾಲಿನ ಹಿಂದಿನಿಂದ ಇಣುಕಿ ಹೊಡೆಯುತ್ತಾನೆ, ಹೊಡೆದು ಮತ್ತೆ ಅಣ್ಣನ ಬೆನ್ನಿಗೆ ಓಡುತ್ತಾನೆ. 1346ರಲ್ಲಿ ಕ್ರೆಸಿ ಎಂಬಲ್ಲಿ ಫ್ರಾನ್ಸಿನ ರಾಜ ಜಿನೋವಾದಿಂದ ಅಡ್ಡಬಿಲ್ಲಿನವರನ್ನು ಕೂಲಿಗೆ ಕರೆಸಿದ್ದ. ಅವರು ನೆಲಕ್ಕೂರುವ ದೊಡ್ಡ ಢಾಲಿನ ಮರೆಯಲ್ಲಿ ಕೂತು ಬಿಲ್ಲಿಗೆ ಹೆದೆ ಏರಿಸುವವರು. ಅವತ್ತು ಢಾಲುಗಳೆಲ್ಲ ಹಿಂದಿನ ಸಾಮಾನು ಬಂಡಿಯಲ್ಲೇ ಉಳಿದಿದ್ದವು. ಬಂಡಿ ಬರಲಿ ಎಂದು ಕಾಯುವ ವ್ಯವಧಾನ ದೊಡ್ಡವರಿಗೆ ಇರಲಿಲ್ಲ. ಇಂಗ್ಲಿಷರ ಬಾಣದ ಮಳೆಗೆ ಅವರು ಹಿಂದೆ ಸರಿದಾಗ ಫ್ರಾನ್ಸಿನ ಸವಾರರೇ ಅವರನ್ನು ತುಳಿದುಕೊಂಡು ಮುಂದೆ ಹೋದರು. ಬಿಲ್ಲುಗಾರನಿಗೆ ಢಾಲು ಬೇಡ ಎಂದು ನಾನು ಹೇಳುತ್ತಿಲ್ಲ, ಗಮನಿಸಿ. ಬೇಕು, ಆದರೆ ಅದಕ್ಕೆ ಬೇರೆ ಕಾಲು ಬೇಕು, ಬೇರೆ ಕೈ ಬೇಕು.

ಈ ಮಾತಿಗೆ ನಮ್ಮ ಮಾಸ್ತರರು ತಡೆ ಹಾಕಿದರು. "ಅರಿಯನ್ ಬರ್ದಿದ್ದು ಏನ್ರಿ ಮತ್ತ?" ಎಂದರು. ಲೆಕ್ಕದ ಮಾಸ್ತರರು ಇತಿಹಾಸ ಓದಿದರೆ ಹೀಗೇ ಆಗುವುದು. ಅರಿಯನ್ ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ಲೇಖಕ. ಅಲೆಗ್ಸಾಂಡರನ ನೌಕಾಪಡೆ ನಡೆಸಿದ ನಿಯಾರ್ಕಸ್ ಕಂಡದ್ದನ್ನು ಆಧರಿಸಿ ಭಾರತದ ಕಾಲಾಳುಗಳ ಬಗ್ಗೆ ಬರೆದಿದ್ದಾನೆ. ಬಿಲ್ಲು ಹಿಡಿದವನಷ್ಟೇ ಎತ್ತರ. ಅದನ್ನು ನೆಲಕ್ಕೆ ಊರಿ, ಎಡಗಾಲಿನಿಂದ ಒತ್ತಿ, ಹೆದೆಯನ್ನು ಬಹಳ ಹಿಂದಕ್ಕೆ ಜಗ್ಗಿ ಬಿಡುತ್ತಾರೆ. ಬಾಣ ಮೂರು ಮೊಳಕ್ಕೆ ಸ್ವಲ್ಪವೇ ಕಡಿಮೆ. ಅದನ್ನು ಢಾಲೂ ತಡೆಯದು, ಕವಚವೂ ತಡೆಯದು ಎನ್ನುತ್ತಾನೆ. ಅಲ್ಲಿಯವರೆಗೆ ನನಗೆ ಹಿತವೇ. ಆದರೆ ಅದರ ಬೆನ್ನಿಗೇ, ಇವರ ಎಡಗೈಯಲ್ಲಿ ಹದ ಮಾಡದ ಎತ್ತಿನ ಚರ್ಮದ ಢಾಲು ಇರುತ್ತದೆ, ಅಗಲ ಮೈಗಿಂತ ಕಡಿಮೆ, ಉದ್ದ ಹೆಚ್ಚುಕಡಿಮೆ ಆಳುದ್ದ ಎಂದು ಸೇರಿಸಿಬಿಟ್ಟಿದ್ದಾನೆ.

ಹುಡುಗ ಎದ್ದು ಕುಣಿದ. "ನೋಡ್ ಕಾಕಾ, ನಮ್ಮ ಮಂದೀನೇ ಎಡಗೈಯಾಗ ಬಿಲ್ಲ, ಎಡಗೈಯಾಗ ಢಾಲ್!"

ನಿಧಾನ ತಮ್ಮಾ. ಮೊದಲನೆಯದಾಗಿ ಅದು ಗಂಗಾಳವಲ್ಲ, ಬಾಗಿಲ ಪಡಕ. ಎರಡನೆಯದಾಗಿ, ಬಿಲ್ಲನ್ನು ನೆಲಕ್ಕೆ ಊರಿ, ಒಂದು ಕಾಲೆತ್ತಿ ಒತ್ತಿ, ಆಳುದ್ದದ ಒಣ ಚರ್ಮವನ್ನೂ ಅದೇ ಕೈಯಲ್ಲಿ ಹಿಡಿದು ನಿಂತವನ ಚಿತ್ರ ಮನಸ್ಸಿಗೆ ತಂದುಕೋ. ಅವನು ಬಾಣ ಬಿಡುವುದಿಲ್ಲ, ಬೀಳುತ್ತಾನೆ. ನನಗನ್ನಿಸುವುದು ಇಷ್ಟು: ನಡೆಯುವಾಗ ಢಾಲು ಕೈಯಲ್ಲಿ, ಹೊಡೆಯುವಾಗ ಮುಂದೆ ನೆಲದಲ್ಲಿ ಅಥವಾ ಮಗ್ಗುಲಿನವನ ಕೈಯಲ್ಲಿ, ವೈರಿ ಮೈಮೇಲೆ ಬಂದಾಗ ಮತ್ತೆ ಕೈಯಲ್ಲಿ. ಆಗ ಬಿಲ್ಲು ಕೆಳಗೆ, ಕತ್ತಿ ಮೇಲೆ. ಅವರೆಲ್ಲರ ಹತ್ತಿರ ಎರಡೂ ಕೈಯಿಂದ ಬೀಸುವ ಅಗಲ ಕತ್ತಿಯೂ ಇತ್ತೆಂದು ಅರಿಯನ್ನನೇ ಬರೆಯುತ್ತಾನೆ. ಅವನು ಹತ್ಯಾರಗಳ ಪಟ್ಟಿ ಕೊಟ್ಟಿದ್ದಾನೆ, ಯಾವ ಕ್ಷಣದಲ್ಲಿ ಯಾವುದು ಎಲ್ಲಿ ಎಂದು ಹೇಳಿಲ್ಲ. ಮದುವೆಗೆ ಹೋಗಿ ಬಂದವರು ಊಟದ ಪಟ್ಟಿ ಹೇಳುತ್ತಾರಲ್ಲವೇ, ಎಲ್ಲವನ್ನೂ ಒಂದೇ ತುತ್ತಿಗೆ ತಿಂದೆವೆಂದು ಅರ್ಥವೇ?

ಮಾಸ್ತರರು ಗೋಣು ಹಾಕಿದರು. ಹುಡುಗ ಹಾಕಲಿಲ್ಲ.

ನಮ್ಮ ಭಾಗದ ಢಾಲಿನದೇ ಒಂದು ಮಾತು ಹೇಳಿಬಿಡುತ್ತೇನೆ. ಬಹಮನಿ, ಆದಿಲಶಾಹಿ, ಮೊಗಲರ ಕಾಲಕ್ಕೆ ದಖ್ಖನ್ನಿನಲ್ಲಿ ಓಡಾಡಿದ ಗುಂಡನೆಯ ಢಾಲುಗಳನ್ನು ಮ್ಯೂಸಿಯಮ್ಮಿನಲ್ಲಿ ನೋಡಿದ್ದೀರಿ. ಮುಖದ ಮೇಲೆ ನಾಲ್ಕು ಉಬ್ಬು ಗುಬಟಿ. ಅವು ಬರೀ ಅಲಂಕಾರವಲ್ಲ, ಒಳಗಿನ ಹಿಡಿಕೆಯ ಕೊಂಡಿಗಳು ಅಲ್ಲಿಗೆ ಬಂದು ಕೂತಿರುತ್ತವೆ. ತಿರುವಿ ಹಾಕಿ ನೋಡಿದರೆ ಎರಡು ಹಿಡಿಕೆ, ನಡುವೆ ಬೆರಳ ಗೆಣ್ಣಿಗೆ ಒಂದು ಪುಟ್ಟ ಮೆತ್ತೆ. ಎರಡೂ ಹಿಡಿಕೆಯನ್ನು ಒಟ್ಟಿಗೆ ಸೇರಿಸಿ ಮುಷ್ಟಿಯಲ್ಲಿ ಹಿಡಿಯಬೇಕು. ಮುಷ್ಟಿ ಅಲ್ಲಿಗೇ ಭರ್ತಿ. ಯುರೋಪಿನ ಅಸಲಿ ಬಕ್ಲರೂ ಮುಂಗೈಗೆ ಕಟ್ಟುವಂಥದ್ದಲ್ಲ, ಮುಷ್ಟಿಯಲ್ಲಿ ಹಿಡಿಯುವಂಥದ್ದೇ. 1300ರ ಆಸುಪಾಸಿನ ಒಂದು ಜರ್ಮನ್ ಕೈಬರಹದ ಪುಸ್ತಕ ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದೆ. ಅದರಲ್ಲಿ ಒಬ್ಬ ಪಾದ್ರಿ ತನ್ನ ಶಿಷ್ಯನಿಗೆ ಕತ್ತಿ ಮತ್ತು ಬಕ್ಲರಿನ ವರಸೆ ಕಲಿಸುವ ಚಿತ್ರಗಳಿವೆ, ಕೊನೆಯಲ್ಲಿ ವಾಲ್ಪುರ್ಗಿಸ್ ಎಂಬ ಹೆಣ್ಣುಮಗಳೂ ಕತ್ತಿ ಹಿಡಿದು ಬರುತ್ತಾಳೆ. ಚಿತ್ರದ ತುಂಬ ಢಾಲು ಇರುವುದು ಮುಷ್ಟಿಯಲ್ಲೇ. ಇಂಗ್ಲಿಷ್ ಬಿಲ್ಲುಗಾರರ ಹತ್ತಿರ ಬಕ್ಲರ್ ಇರುತ್ತಿತ್ತು, ಅದು ಖರೇ. ಸೊಂಟದಲ್ಲಿ ಕತ್ತಿಯ ಪಕ್ಕ ತೂಗುತ್ತಿತ್ತು. ಬಾಣ ತೀರಿದ ಮೇಲೆ ಅದರ ಸರದಿ. ನಮ್ಮ ಹುಡುಗನ ಆಟದಲ್ಲೂ ಒಂದೊಂದು ಸರದಿಗೆ ಆರು ಸೆಕೆಂಡ್ ಲೆಕ್ಕ. ಈ ಸರದಿಗೆ ಬಾಣ, ಮುಂದಿನ ಸರದಿಗೆ ಢಾಲು ಎಂದಿದ್ದರೆ ನಾನೇನೂ ಅನ್ನುತ್ತಿರಲಿಲ್ಲ. ಇವರಿಗೆ ಆರು ಸೆಕೆಂಡ್ ತಡೆಯುವ ಪುರುಸೊತ್ತಿಲ್ಲ.

ಹನುಮಪ್ಪನ ಗುಡಿಯ ಕಟ್ಟೆಯ ಬಳಿ ಎಣ್ಣೆ ಕುಡಿದು ಕಪ್ಪಾಗಿ ನಿಂತ ವೀರಗಲ್ಲುಗಳನ್ನು ನಮ್ಮ ಭಾಗದಲ್ಲಿ ಬೇಕಾದಷ್ಟು ಕಾಣಬಹುದು. ದನ ಬಿಡಿಸಿಕೊಳ್ಳಲು ಹೋಗಿ ಸತ್ತವರು, ಊರು ಕಾಯಲು ಹೋಗಿ ಸತ್ತವರು. ನಾನು ನೋಡಿದವುಗಳಲ್ಲಿ ಬಿಲ್ಲು ಎಳೆದವನ ಕೈಯಲ್ಲಿ ಢಾಲಿಲ್ಲ, ಢಾಲು ಹಿಡಿದವನ ಕೈಯಲ್ಲಿ ಬಿಲ್ಲಿಲ್ಲ. ಶಿಲ್ಪಿಗೆ ಮೂರನೆಯ ಕೈ ಕೆತ್ತುವುದು ಕಷ್ಟವೇನಲ್ಲ, ದೇವರಿಗೆ ನಾಲ್ಕು ಎಂಟು ಕೆತ್ತಿದ ಉಳಿಯೇ ಅದು. ಸತ್ತವನಿಗೆ ಅಷ್ಟು ಕೈ ಇರಲಿಲ್ಲ, ಕೆತ್ತಲಿಲ್ಲ.

ಹಳೆಯ ಕಾಲದ ಬಿಲ್ಲುಗಾರನ ಪಾಲಿಗೆ ಎಲ್ಲಕ್ಕಿಂತ ಒಳ್ಳೆಯ ಢಾಲು ಕೋಟೆ. ಹಳೆಯ ಊರುಗಳಲ್ಲಿ ಹುಡೇವು ಇರುತ್ತಿತ್ತಲ್ಲ, ಅದರ ಕಿಂಡಿ ಒಳಗೆ ಅಗಲ, ಹೊರಗೆ ಸಣ್ಣದು. ಒಳಗಿನವನಿಗೆ ಊರೆಲ್ಲ ಕಾಣುತ್ತದೆ, ಹೊರಗಿನವನಿಗೆ ಬೊಟ್ಟಿನಷ್ಟು ಕತ್ತಲೆ. ಕಾಗಿಣಾ ದಂಡೆಯ ಮಳಖೇಡದಲ್ಲಿ ಕೋಟೆ ಇದೆ. ಈಗ ನಿಂತ ಗೋಡೆ ಯಾರ ಕಾಲದ್ದಾದರೂ ಆಗಲಿ, ಅದರ ಮರೆಯಲ್ಲಿ ನಿಂತವನಿಗೆ ಗಂಗಾಳ ಬೇಕಿರಲಿಲ್ಲ. 972ರಲ್ಲಿ ಪರಮಾರರ ಸೀಯಕ ಬಂದು ಆ ರಾಜಧಾನಿಯನ್ನು ದೋಚಿಕೊಂಡು ಹೋದದ್ದು ನಿಜ. ಅದಕ್ಕೆ ಕಾರಣ ರಾಷ್ಟ್ರಕೂಟರ ಬಿಲ್ಲಾಳುಗಳು ಮುಂಗೈಗೆ ಢಾಲು ಕಟ್ಟಿಕೊಳ್ಳದಿದ್ದದ್ದು ಎಂದು ಮಾತ್ರ ಹುಡುಗ ವಾದಿಸಬಾರದು ಎಂದು ಮೊದಲೇ ಆಣೆ ಹಾಕಿಸಿಕೊಂಡೆ.

ಕೈ ಖಾಲಿ ಇಟ್ಟುಕೊಂಡೇ ಮೈ ಕಾಯುವ ಉಪಾಯ ಹುಡುಕಿದವರು ಜಪಾನಿನವರು. ಅಲ್ಲಿಯ ಹಳೆಯ ಸಮುರಾಯಿಗಳು ಮೊದಲಿಗೆ ಕುದುರೆ ಮೇಲಿನ ಬಿಲ್ಲುಗಾರರು, ಕತ್ತಿಯ ಕೀರ್ತಿ ಆಮೇಲಿನದು. ಅವರ ಕವಚದ ಎರಡೂ ಹೆಗಲಿಗೆ ಚೌಕನೆಯ ದೊಡ್ಡ ಹಲಗೆಯಂಥ ತುಂಡುಗಳು ಜೋತಾಡುತ್ತಿದ್ದವು. ಬಾಣ ಎಳೆಯುವಾಗ ಅವು ಹಿಂದೆ ಸರಿದು ಕೈಗೆ ದಾರಿ ಬಿಡುತ್ತವೆ, ಬಾಣ ಬಿಟ್ಟು ತಲೆ ತಗ್ಗಿಸಿದರೆ ಮುಂದೆ ಬಂದು ಢಾಲಾಗುತ್ತವೆ. ಇದನ್ನು ಕೇಳಿದ ಕೂಡಲೇ ನನಗೆ ನಮ್ಮ ದೊಡ್ಡಾಟದ ಅರ್ಜುನನ ಭುಜಕೀರ್ತಿ ಕಣ್ಣಿಗೆ ಕಟ್ಟಿತು. ಕಟ್ಟಿಗೆಯದ್ದು, ಬೇಗಡೆ ಹಚ್ಚಿದ್ದು, ಕಿವಿಯ ತನಕ ರೆಕ್ಕೆ ಚಾಚಿದ್ದು. ಕಣದಲ್ಲಿ ಪಾತ್ರಧಾರಿ ಧಿಗ್ ಧಿಗ್ ಎಂದು ಕುಣಿದರೆ ಮುಂದೆ ಕೂತ ಹುಡುಗರಿಗೆ ಗಾಳಿ ಬೀಸುತ್ತದೆ. ಬಾಣ ತಡೆಯುತ್ತದೋ ಇಲ್ಲವೋ, ಬಿಲ್ಲು ಎಳೆಯಲು ಅಡ್ಡ ಬರುವುದಿಲ್ಲ. ನಿನ್ನ ರೂಲ್ ಬುಕ್ಕಿಗೆ ಭುಜಕೀರ್ತಿ ಸೇರಿಸು, 15 ಚಿನ್ನದ ನಾಣ್ಯಕ್ಕೆ ನಮ್ಮೂರಿನಲ್ಲೇ ಮಾಡಿಸಿ ಕೊಡುತ್ತೇನೆ ಎಂದೆ. ಹುಡುಗ ಸಿಟ್ಟಾದ.

ಅಷ್ಟರಲ್ಲಿ ಚರಗದ ಹೊತ್ತಾಯಿತು. ಬುಟ್ಟಿ ಹೊತ್ತು ಎಲ್ಲರೂ ಹೊಲಕ್ಕೆ ಹೊರಟೆವು. ಜೋಳ ತೆನೆ ಬಿಟ್ಟು ನಿಂತಿತ್ತು. ನಡುಹೊಲದಲ್ಲಿ ಅಟ್ಟದ ಮೇಲೆ ನಮ್ಮ ಆಳುಮಗ ಕವಣೆ ಹಿಡಿದು ನಿಂತಿದ್ದ. ಹಗ್ಗದ ಒಂದು ತುದಿಯ ಕುಣಿಕೆ ಬೆರಳಲ್ಲಿ, ಇನ್ನೊಂದು ತುದಿ ಹೆಬ್ಬೆರಳು ತೋರುಬೆರಳ ನಡುವೆ, ನಡುವಿನ ಹೆಣಿಗೆಯಲ್ಲಿ ನಿಂಬೆಕಾಯಿಯಷ್ಟು ಕಲ್ಲು. ತಲೆಯ ಮೇಲೆ ತಿರುವಿದ, ತುದಿ ಬಿಟ್ಟ, ಹಗ್ಗ ಪಟ್ ಎಂದಿತು. ಹೊಲದ ಆ ಮೂಲೆಯಲ್ಲಿ ಗುಬ್ಬಿಯ ದಂಡೇ ಎದ್ದಿತು.

"ತಮ್ಮಾ, ನೋಡಿದ್ಯೇನು?"

"ಏನ್ ನೋಡ್ಬೇಕ್ ಕಾಕಾ?"

"ಅವನ ಎಡಗೈ."

ಎಡಗೈ ಖಾಲಿ. ಕಲ್ಲು ಇಡುವಾಗ ಒಂದು ಕ್ಷಣ ಬೇಕು, ಬೀಸುವಾಗ ಬೇಡವೇ ಬೇಡ. ಆ ಕೈಗೆ ನೀನು ಗಂಗಾಳ ಕಟ್ಟು, ಪರಾತ ಕಟ್ಟು, ಯಾರೂ ಕೇಳುವುದಿಲ್ಲ. ಮೆಡಿಟರೇನಿಯನ್ ಸಮುದ್ರದ ಬ್ಯಾಲಿಯಾರಿಕ್ ದ್ವೀಪದವರು ಹಳೆಯ ಕಾಲದಲ್ಲಿ ಕವಣೆಗೆ ಹೆಸರಾದವರು. ತೋಳಿಗೆ ಆಡಿನ ಚರ್ಮ ಸುತ್ತಿಕೊಂಡು, ತಲೆಗೆ ಮೂರು ಅಳತೆಯ ಮೂರು ಕವಣೆ ಕಟ್ಟಿಕೊಂಡು ಯುದ್ಧಕ್ಕೆ ಹೋಗುತ್ತಿದ್ದರೆಂದು ಸ್ಟ್ರಾಬೊ ಎಂಬ ಗ್ರೀಕ್ ಲೇಖಕ ಬರೆದಿದ್ದಾನೆ. ಮಕ್ಕಳಿಗೆ ಕವಣೆ ಕಲಿಸುವ ರೀತಿಯನ್ನೂ ಬರೆದಿದ್ದಾನೆ: ರೊಟ್ಟಿಯನ್ನು ಕವಣೆಯಿಂದ ಹೊಡೆದರೆ ರೊಟ್ಟಿ, ಇಲ್ಲದಿದ್ದರೆ ಇಲ್ಲ. ನಿನ್ನ ವಯಸ್ಸಿಗೆ ನಮ್ಮವ್ವ ನನಗೂ ಹೆಚ್ಚುಕಡಿಮೆ ಹೀಗೇ ಮಾಡುತ್ತಿದ್ದಳು, ಗುರಿ ಮಾತ್ರ ಗುಬ್ಬಿ.

ಹುಡುಗ ಸಜ್ಜೆ ರೊಟ್ಟಿ ಭಜ್ಜಿ ತಿನ್ನುತ್ತ ಬಹಳ ಹೊತ್ತು ಅಟ್ಟವನ್ನೇ ನೋಡಿದ. ರಾತ್ರಿ ಮತ್ತೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೆಂಗಳೂರಿನ ಕತೆಗಾರ ಹುಡುಗನ ಜೊತೆ ಪಂಚಾಯ್ತಿಗೆ ಕೂತ. ಚೂಪು ಕಿವಿಯವನು ಬಿಲ್ಲು ಮಾರಿ ಕವಣೆ ಕೊಂಡನಂತೆ, ಎಡಗೈಯಲ್ಲಿ ಢಾಲು ಹಾಗೇ ಉಳಿಯಿತಂತೆ. ಆ ಕಡೆಯವನು ಒಪ್ಪಿದ. ಆದರೆ ಪುಸ್ತಕದ ಪ್ರಕಾರ ಉದ್ದಬಿಲ್ಲಿನ ಏಟಿಗೆ ಎಂಟು ಮುಖದ ದಾಳ, ಕವಣೆಯ ಏಟಿಗೆ ನಾಲ್ಕೇ ಮುಖದ್ದು. ನಮ್ಮವನಿಗೆ ಬೆಂಕಿ ಬಿತ್ತು.

"ಹೇಯ್, ನಾಕ್ ಹೆಂಗ್ ಆಗ್ತದ? ಅದು ಶಹಾಬಾದಿ ಕಲ್ಲ್ ಅದಾ. ನಿಮ್ಮ ಬೆಂಗಳೂರಿನ ಗಾರ್ಡನ್ ಕಲ್ಲ್ ಅಲ್ಲ. ಎಂಟ್ ಹಾಕು!"

ಅರ್ಧ ತಾಸು ಎಳೆದಾಡಿ ಆರಕ್ಕೆ ಸೌದಾ ಮುಗಿಯುವ ಲಕ್ಷಣ ಕಂಡಿತು. ಅಡುಗೆ ಮನೆಯಲ್ಲಿ ಗಂಗಾಳದ ನೆಗ್ಗನ್ನು ಒಳಕಲ್ಲಿನ ಮೇಲಿಟ್ಟು ಬಡಿಯುತ್ತಿದ್ದ ವೈನಿ ಅಲ್ಲಿಂದಲೇ ಕೂಗಿದರು: "ಅವಂಗ ಕವಣಿ ಬೀಸಾಕ ಬರ್ತದೇನ್ ಮೊದ್ಲ್ ಕೇಳ್ರಿ. ಬರ್ತದಂದ್ರ ನಾಳಿ ಮುಂಜಾನಿ ಅಟ್ಟಕ್ಕ ಕಳಿಸ್ರಿ, ಆಳ್ಮಗಗ ವಾಡಿಗಿ ಹೋಗೋದದ ಅಂತ."